ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ ಯಾರ ಕೆಲಸ?

ಹಳೆಯ ಮೇಷ್ಟ್ರು:

ಕಳೆದ ವಾರ ಸದಸ್ಯರೊಬ್ಬರು ಇಲ್ಲಿ ರೋಸಾ ಪಾರ್ಕ್ಸ್ ಅವರ ಬಗ್ಗೆ ಬರೆದಿದ್ದರು. 1955ರ ಡಿಸೆಂಬರ್ 1ರ ಸಂಜೆ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ, ದಿನವಿಡೀ ಹೊಲಿಗೆ ಕೆಲಸ ಮಾಡಿ ದಣಿದಿದ್ದ ಕಪ್ಪು ಮಹಿಳೆಯೊಬ್ಬರು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ, ಪೊಲೀಸರು ಅವರನ್ನು ಹಿಡಿದೊಯ್ದರು, ಆ ಸುದ್ದಿ ಕೇಳಿ ಮಾರ್ಟಿನ್ ಲೂಥರ್ ಕಿಂಗ್ ಎದ್ದು ನಿಂತರು, ಊರಿಗೆ ಊರೇ ಅವರ ಹಿಂದೆ ನಡೆಯಿತು ಎಂಬುದು ಆ ಬರಹದ ಸಾರ. ಮಕ್ಕಳಿಗೆ ಹೇಳಲು ಇದು ಚೆನ್ನಾಗಿದೆ. ಇತಿಹಾಸವೆಂದು ಒಪ್ಪಲು ಮಾತ್ರ ನನ್ನಿಂದಾಗದು.

ಆ ಊರಿನಲ್ಲಿ 1946ರಲ್ಲೇ ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಮೇರಿ ಫೇರ್ ಬರ್ಕ್ಸ್ ಅವರು ಮಹಿಳಾ ರಾಜಕೀಯ ಮಂಡಳಿಯನ್ನು ಕಟ್ಟಿದ್ದರು. ಅದೇ ಕಾಲೇಜಿಗೆ ಹೊಸದಾಗಿ ಬಂದ ಜೋ ಆನ್ ರಾಬಿನ್ಸನ್ 1949ರ ಕೊನೆಯಲ್ಲಿ, ಹೆಚ್ಚುಕಡಿಮೆ ಖಾಲಿಯಿದ್ದ ಬಸ್ಸಿನ ಮುಂಭಾಗದಲ್ಲಿ ಕುಳಿತ ಒಂದೇ ಕಾರಣಕ್ಕೆ ಚಾಲಕನಿಂದ ಬೈಸಿಕೊಂಡು ಅಳುತ್ತ ಕೆಳಗಿಳಿದವರು; ಮರುವರ್ಷ ಆ ಮಂಡಳಿಯ ಅಧ್ಯಕ್ಷೆಯಾದರು. ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟು 1954ರ ಮೇ 17ರಂದು ತೀರ್ಪಿತ್ತ ನಾಲ್ಕನೆಯ ದಿನವೇ ರಾಬಿನ್ಸನ್ ಅವರು ಮೇಯರ್ ಗೇಲ್ ಅವರಿಗೆ ಪತ್ರ ಬರೆದು, ಬಸ್ಸಿನ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ ಇದ್ದಾರೆ, ಅವರು ಹತ್ತದಿದ್ದರೆ ಬಸ್ಸುಗಳು ಓಡಲಾರವು, ಇಪ್ಪತ್ತೈದಕ್ಕೂ ಹೆಚ್ಚು ಸಂಘಟನೆಗಳಲ್ಲಿ ಬಹಿಷ್ಕಾರದ ಮಾತು ನಡೆದಿದೆ ಎಂದು ಎಚ್ಚರಿಸಿದ್ದರು. ಪಾರ್ಕ್ಸ್ ಅವರ ಬಂಧನ ಆಗ ಇನ್ನೂ ಒಂದೂವರೆ ವರ್ಷ ದೂರವಿತ್ತು.

ಬಂಧನವಾದ ರಾತ್ರಿ ಇದೇ ರಾಬಿನ್ಸನ್ ಒಬ್ಬ ಸಹೋದ್ಯೋಗಿಯನ್ನೂ ಇಬ್ಬರು ವಿದ್ಯಾರ್ಥಿಗಳನ್ನೂ ಕರೆದುಕೊಂಡು ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಬೆಳಗಾಗುವವರೆಗೆ ನಿಂತು ಹತ್ತಾರು ಸಾವಿರ ಕರಪತ್ರಗಳನ್ನು ಅಚ್ಚು ಹಾಕಿದರು. ಶುಕ್ರವಾರ ಅವು ಊರೆಲ್ಲ ಹರಡಿದವು. ಸೋಮವಾರ ಬೆಳಿಗ್ಗೆ ಬಸ್ಸುಗಳು ಖಾಲಿ ಓಡಿದವು. ಇಪ್ಪತ್ತಾರು ವಯಸ್ಸಿನ ಪಾದ್ರಿ ಕಿಂಗ್ ಅವರನ್ನು ಬಹಿಷ್ಕಾರ ನಡೆಸುವ ಹೊಸ ಸಂಘಕ್ಕೆ ಅಧ್ಯಕ್ಷರನ್ನಾಗಿ ಆರಿಸಿದ್ದು ಆ ಸೋಮವಾರ ಮಧ್ಯಾಹ್ನ. ಬಹಿಷ್ಕಾರ ಮಹಿಳಾ ಮಂಡಳಿಯದು. ಪಾರ್ಕ್ಸ್ ಅವರ ಬಂಧನ ಅದಕ್ಕೆ ಸಿಕ್ಕ ಒಂದು ನೆಪ ಮಾತ್ರ.

ತುಂಗಾತೀರ:

ಮೇಷ್ಟ್ರೇ, ನೆಪ ಎಂಬ ಮಾತನ್ನು ನೀವು ಬಹಳ ಸಲೀಸಾಗಿ ಬಳಸಿದ್ದೀರಿ. 1943ರಿಂದ ಎನ್‌ಎಎಸಿಪಿ ಎಂಬ ಹಕ್ಕುಗಳ ಸಂಸ್ಥೆಯ ಮಾಂಟ್‌ಗೊಮರಿ ಶಾಖೆಗೆ ಕಾರ್ಯದರ್ಶಿಯಾಗಿ ದುಡಿದವರು ಪಾರ್ಕ್ಸ್. ಅದೇ ವರ್ಷ ಜೇಮ್ಸ್ ಬ್ಲೇಕ್ ಎಂಬ ಚಾಲಕ ಅವರನ್ನು ಬಸ್ಸಿನಿಂದ ಇಳಿಸಿದ್ದ. ಹನ್ನೆರಡು ವರ್ಷದ ಮೇಲೆ ಪೊಲೀಸರನ್ನು ಕರೆಸಿದವನೂ ಅವನೇ. 1944ರಲ್ಲಿ ಅಬೆವಿಲ್‌ನ ರೀಸಿ ಟೇಲರ್ ಎಂಬ ಕಪ್ಪು ತಾಯಿಯ ಮೇಲೆ ಬಿಳಿಯ ಯುವಕರು ಸಾಮೂಹಿಕ ಅತ್ಯಾಚಾರವೆಸಗಿದಾಗ ಅಲ್ಲಿಗೆ ಹೋಗಿ ವಿವರ ಕಲೆಹಾಕಿ ಆಕೆಯ ಪರವಾಗಿ ಜನರನ್ನು ಸಂಘಟಿಸಿದವರು ಇವರು. 1955ರ ಬೇಸಿಗೆಯಲ್ಲಿ ಟೆನೆಸಿಯ ಹೈಲ್ಯಾಂಡರ್ ಶಾಲೆಯ ಶಿಬಿರಕ್ಕೆ ಹೋಗಿ, ಸೆಪ್ಟಿಮಾ ಕ್ಲಾರ್ಕ್ ಅವರಂಥ ಶಿಕ್ಷಕಿಯ ಜೊತೆ ಕುಳಿತು ಹೋರಾಟದ ದಾರಿಗಳನ್ನು ಚರ್ಚಿಸಿ ಬಂದರು. ದೇಹ ದಣಿದಿರಲಿಲ್ಲ, ಸೋತು ಸೋತು ಮನಸ್ಸು ದಣಿದಿತ್ತು ಎಂಬರ್ಥದ ಮಾತನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನೆಪವಾಗುವುದಕ್ಕೆ ಇಷ್ಟೊಂದು ತಯಾರಿ ಬೇಕೇ?

ಹಳೆಯ ಮೇಷ್ಟ್ರು:

ತಯಾರಿ ಎಂದಿರಿ. ಹಾಗಾದರೆ ಅಂದು ಬಂಧನವಾಗಬೇಕೆಂದೇ ಅವರು ಬಸ್ಸು ಹತ್ತಿದರೆಂದು ಹೇಳುತ್ತೀರಾ? ಅದನ್ನು ಅವರೇ ನಿರಾಕರಿಸಿದ್ದಾರೆ. ಚಾಲಕ ಯಾರೆಂದು ನೋಡಿದ್ದರೆ ಆ ಬಸ್ಸನ್ನೇ ಹತ್ತುತ್ತಿರಲಿಲ್ಲ ಎಂದಿದ್ದಾರೆ. ಒಬ್ಬರ ತಯಾರಿ ಬೇರೆ, ಸಾವಿರಾರು ಜನರನ್ನು ಸೋಮವಾರ ಬೆಳಿಗ್ಗೆ ನಡೆಸುವ ತಯಾರಿ ಬೇರೆ. ಬಂಧನವೊಂದೇ ಸಾಕಾಗಿದ್ದರೆ ಅದೇ ವರ್ಷ ಮಾರ್ಚ್ 2ರಂದು ಹದಿನೈದರ ಹುಡುಗಿ ಕ್ಲಾಡೆಟ್ ಕಾಲ್ವಿನ್ ಇದೇ ಕಾರಣಕ್ಕೆ ಬಂಧಿತಳಾದಾಗಲೇ ಊರು ಏಳಬೇಕಿತ್ತು. ಏಳಲಿಲ್ಲ.

ಬೆಳವಲದ ಬೆಳಕು:

ಕಾಲ್ವಿನ್ ಅವರ ಹೆಸರು ಕೊನೆಗೂ ಬಂತಲ್ಲ ಎಂದು ಸಂತೋಷಪಡುವಷ್ಟರಲ್ಲಿ ಆಕೆಯನ್ನು ಒಂದು ಉದಾಹರಣೆಯಾಗಿ ಬಳಸಿ ಮೇಷ್ಟ್ರು ಮುಂದೆ ಸಾಗಿಬಿಟ್ಟರು. ಊರು ಏಳಲಿಲ್ಲ ಎನ್ನುವುದಕ್ಕಿಂತ ಊರನ್ನು ಎಬ್ಬಿಸಬೇಕಾದವರು ಎಬ್ಬಿಸಲಿಲ್ಲ ಎನ್ನುವುದು ಪ್ರಾಮಾಣಿಕ. ಶಾಲೆಯಲ್ಲಿ ಕಪ್ಪು ಜನರ ಇತಿಹಾಸ ಓದಿ ಬಂದಿದ್ದ ಆ ಹುಡುಗಿ ಇದು ನನ್ನ ಸಂವಿಧಾನಬದ್ಧ ಹಕ್ಕು ಎಂದು ಪೊಲೀಸರಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದಳು. ಅವಳನ್ನು ಕೈಕೋಳ ಹಾಕಿ ಎಳೆದೊಯ್ದು ದೊಡ್ಡವರ ಜೈಲಿನಲ್ಲಿ ಕೂಡಿದರು. ಎನ್‌ಎಎಸಿಪಿಯ ಹಿರಿಯರಾದ ಇ. ಡಿ. ನಿಕ್ಸನ್ ಅವರು ಆಕೆ ತಮ್ಮ ಮೊಕದ್ದಮೆಗೆ ತಕ್ಕವಳಲ್ಲ ಎಂದು ತೀರ್ಮಾನಿಸಿದರು. ಆಕೆ ಬಡವರ ಕೇರಿಯವಳು, ಮೈಬಣ್ಣ ಹೆಚ್ಚು ಕಪ್ಪು, ಮದುವೆಯಾಗದೆ ಬಸುರಿಯಾದವಳು. ಬಸುರಿಯಾದಳೆಂಬ ಕಾರಣಕ್ಕೆ ಒಬ್ಬ ಹುಡುಗಿಯನ್ನು ಇತಿಹಾಸದಿಂದಲೇ ಹೊರಗಿಟ್ಟವರಲ್ಲಿ ಮೇಷ್ಟ್ರು ಹೊಗಳುತ್ತಿರುವ ಆ ವಿದ್ಯಾವಂತ ಮಹಿಳೆಯರ ಮಂಡಳಿಯೂ ಸೇರಿದೆ.

ಕಾಯಿದೆ ಪುಟ:

ಬಸುರಿಯಾದಳೆಂಬ ಕಾರಣಕ್ಕೆ ಎಂದು ಬರೆದಿರುವುದು ಎಲ್ಲೆಡೆ ಓಡಾಡುತ್ತಿರುವ ತಪ್ಪು. ಅದನ್ನು ಇಲ್ಲಿಯೂ ಓಡಾಡಲು ಬಿಡುವುದು ಸರಿಯಲ್ಲ. ಕಾಲ್ವಿನ್ ಅವರ ಬಂಧನ 1955ರ ಮಾರ್ಚ್ 2ರಂದು. ಅದೇ ತಿಂಗಳು ಬಾಲ ನ್ಯಾಯಾಲಯ ಆಕೆಯನ್ನು ತಪ್ಪಿತಸ್ಥೆ ಎಂದಿತು. ಮೇಲ್ಮನವಿಯ ವಿಚಾರಣೆ ನಡೆದದ್ದು ಮೇ ತಿಂಗಳಲ್ಲಿ. ಆಕೆಯ ಮಗ ಹುಟ್ಟಿದ್ದು 1956ರ ಮಾರ್ಚ್‌ನಲ್ಲಿ. ತಂಗಿ, ತಿಂಗಳು ಎಣಿಸಿ ನೋಡಿ: ಆಕೆಯ ಪ್ರಕರಣವನ್ನು ಕೈಬಿಡುವ ನಿರ್ಧಾರವಾದಾಗ ಆಕೆ ಬಸುರಿಯೇ ಆಗಿರಲಿಲ್ಲ.

ನಿಜವಾದ ಕಾರಣ ಕಾನೂನಿನದು. ಆಕೆಯ ಮೇಲೆ ಬಸ್ಸಿನಲ್ಲಿ ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆಬೇರೆ ಕೂರಿಸುವ ಬೇರ್ಪಡಿಕೆಯ ಕಾಯಿದೆಯ ಉಲ್ಲಂಘನೆ, ಶಾಂತಿಭಂಗ, ಪೊಲೀಸರ ಮೇಲೆ ಹಲ್ಲೆ ಎಂಬ ಮೂರು ಆರೋಪಗಳಿದ್ದವು. ಮೇಲ್ಮನವಿಯಲ್ಲಿ ನ್ಯಾಯಾಧೀಶರು ಮೊದಲೆರಡನ್ನು ಬಿಟ್ಟು ಹಲ್ಲೆಯ ಆರೋಪವನ್ನು ಮಾತ್ರ ಉಳಿಸಿದರು. ಬೇರ್ಪಡಿಕೆಯ ಆರೋಪವೇ ಇಲ್ಲದ ಮೇಲೆ ಆ ಪ್ರಕರಣವನ್ನು ಹಿಡಿದುಕೊಂಡು ಬೇರ್ಪಡಿಕೆಯ ಕಾಯಿದೆಯನ್ನು ಪ್ರಶ್ನಿಸುವುದು ಯಾವ ವಕೀಲನಿಗೂ ಸಾಧ್ಯವಿರಲಿಲ್ಲ.

ಬೆಳವಲದ ಬೆಳಕು:

ಮೊದಲನೆಯದಾಗಿ, ನಾನು ನಿಮ್ಮ ತಂಗಿಯಲ್ಲ. ಎರಡನೆಯದಾಗಿ, ಹೆಣ್ಣೊಬ್ಬಳ ಬಸುರಿನ ತಿಂಗಳನ್ನು ಬೆರಳು ಮಡಿಸಿ ಎಣಿಸುವ ಗಂಡಸರು ಮಾಂಟ್‌ಗೊಮರಿಯಲ್ಲಿ ಆಗಲೂ ಇದ್ದರು, ಇಲ್ಲಿ ಈಗಲೂ ಇದ್ದಾರೆ.

ಕಾನೂನಿನ ಕಾರಣ ಎಂದಿರಿ. ಅಕ್ಟೋಬರ್ 21ರಂದು ಬಂಧಿತಳಾದ ಹದಿನೆಂಟರ ಮೇರಿ ಲೂಯಿಸ್ ಸ್ಮಿತ್ ಅವರ ಮೇಲೆ ಹಲ್ಲೆಯ ಆರೋಪವಿರಲಿಲ್ಲವಲ್ಲ? ಆಕೆಯನ್ನು ಏಕೆ ಕೈಬಿಟ್ಟರು? ತಂದೆ ಕುಡುಕ ಎಂಬ ಮಾತು ಹಬ್ಬಿತು. ಅದು ಸುಳ್ಳೆಂದು ಆಕೆ ಜೀವಮಾನವಿಡೀ ಹೇಳುತ್ತ ಬಂದರು. ಮಾರ್ಚ್‌ನಲ್ಲಿ ಹಲ್ಲೆ, ಅಕ್ಟೋಬರ್‌ನಲ್ಲಿ ಅಪ್ಪನ ಕುಡಿತ. ಎರಡು ಸಲವೂ ಬಡ ಮನೆಯ ಹುಡುಗಿಯೇ ತಕ್ಕವಳಲ್ಲ ಎನಿಸಿಕೊಂಡದ್ದು ಆಕಸ್ಮಿಕವೇ? ಗೆಲ್ಲಬಹುದಾದ ಒಬ್ಬ ವ್ಯಕ್ತಿ ತಮಗೆ ಬೇಕಿತ್ತು ಎಂದು ನಿಕ್ಸನ್ ಅವರೇ ಮುಂದೆ ಹೇಳಿಕೊಂಡರು. ಆ ಅಳತೆಗೋಲು ಯಾರ ಮನೆಯದು ಎಂಬುದಷ್ಟೇ ನನ್ನ ಪ್ರಶ್ನೆ.

ತುಂಗಾತೀರ:

ಕೈಬಿಟ್ಟರು ಎಂಬುದನ್ನು ಪಾರ್ಕ್ಸ್ ಅವರ ತಲೆಗೆ ಕಟ್ಟಬೇಡಿ. ಎನ್‌ಎಎಸಿಪಿಯ ಯುವಜನ ಘಟಕವನ್ನು ನೋಡಿಕೊಳ್ಳುತ್ತಿದ್ದವರು ಪಾರ್ಕ್ಸ್. ಕಾಲ್ವಿನ್ ಅವರನ್ನು ಅದಕ್ಕೆ ಕರೆತಂದವರು, ಆಕೆಯ ಕೋರ್ಟು ಖರ್ಚಿಗೆ ಹಣ ಕೂಡಿಸಲು ಓಡಾಡಿದವರು, ಸಭೆ ಮುಗಿದು ಹೊತ್ತಾದಾಗ ತಮ್ಮ ಮನೆಯಲ್ಲೇ ಉಳಿಸಿಕೊಂಡವರು ಅವರೇ.

ಬೆಳವಲದ ಬೆಳಕು:

ಹಣ ಕೂಡಿಸಿದ್ದನ್ನು ಯಾರೂ ಅಲ್ಲಗಳೆದಿಲ್ಲ. ಅನುಕಂಪ ತೋರಿಸಿ ಮುಂದಾಳತ್ವ ಕೊಡದಿರುವುದು ಎಲ್ಲ ಕಾಲದ ಸಂಘಟನೆಗಳಿಗೂ ಚೆನ್ನಾಗಿ ಗೊತ್ತಿರುವ ವಿದ್ಯೆ.

ಕಾಯಿದೆ ಪುಟ:

ಬಂಧು ಎಂದು ಕರೆದದ್ದಕ್ಕೆ ಸಿಟ್ಟಾಗುವವರನ್ನು ಇನ್ನು ಮುಂದೆ ಮಾನ್ಯರೇ ಎಂದೇ ಕರೆಯುತ್ತೇನೆ. ಮಾನ್ಯರೇ, ತಾವು ಮೊದಲು ಬರೆದದ್ದು ಬಸುರಿಯಾದಳೆಂಬ ಕಾರಣಕ್ಕೆ ಹೊರಗಿಟ್ಟರು ಎಂದು. ಈಗ ಬಡತನ, ಅಪ್ಪನ ಕುಡಿತ ಎಂದು ಬೇರೆ ಬಾಗಿಲಿನಿಂದ ಒಳಗೆ ಬರುತ್ತಿದ್ದೀರಿ. ಹೊರಗಿಟ್ಟರು ಎಂಬುದೂ ಸತ್ಯವಲ್ಲ. 1956ರ ಫೆಬ್ರವರಿ 1ರಂದು ವಕೀಲ ಫ್ರೆಡ್ ಗ್ರೇ ಅವರು ಫೆಡರಲ್ ಕೋರ್ಟಿನಲ್ಲಿ ಹೂಡಿದ ಬ್ರೌಡರ್ ವಿರುದ್ಧ ಗೇಲ್ ಎಂಬ ಮೊಕದ್ದಮೆಯಲ್ಲಿ ಅರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಅವರ ಜೊತೆ ಕಾಲ್ವಿನ್ ಅವರೂ ಫಿರ್ಯಾದಿ. ಐದನೆಯವರಾಗಿದ್ದ ಜನೆಟಾ ರೀಸ್ ಬೆದರಿಕೆಗೆ ಅಂಜಿ ಹಿಂದೆ ಸರಿದರು. ಫೆಬ್ರವರಿಯಲ್ಲಿ ಕಾಲ್ವಿನ್ ತುಂಬು ಬಸುರಿ. ಬಸುರಿಯೆಂದು ಹೊರಗಿಡುವವರು ತುಂಬು ಬಸುರಿಯ ಹೆಸರನ್ನೇ ಫೆಡರಲ್ ಕೋರ್ಟಿಗೆ ಒಯ್ಯುತ್ತಿದ್ದರೇ? ತಾವು ಕ್ಯಾಲೆಂಡರನ್ನು ಒಪ್ಪದಿದ್ದರೆ ನಾನೇನು ಮಾಡಲಿ?

ಬೆಳವಲದ ಬೆಳಕು:

ಕೋರ್ಟಿನ ಕಾಗದದಲ್ಲಿ ಹೆಸರು ಬೇಕು, ಚರ್ಚಿನ ವೇದಿಕೆಯ ಮೇಲೆ ಮುಖ ಬೇಡ ಎಂಬುದೇ ನನ್ನ ಮಾತು. ಅದನ್ನು ನೀವೇ ಇಷ್ಟು ಸೊಗಸಾಗಿ ಸಾಬೀತು ಮಾಡಿದ್ದಕ್ಕೆ ವಂದನೆಗಳು. 1956ರ ಮೇ ತಿಂಗಳಲ್ಲಿ ಮೂವರು ನ್ಯಾಯಾಧೀಶರ ಮುಂದೆ ನಿಂತು ಸಾಕ್ಷಿ ಹೇಳಿ ಗೆಲ್ಲಿಸಿಕೊಟ್ಟ ಆ ಹುಡುಗಿ ನ್ಯೂಯಾರ್ಕಿಗೆ ಹೋಗಿ ವೃದ್ಧರ ಆರೈಕೆ ಕೇಂದ್ರದಲ್ಲಿ ಶುಶ್ರೂಷಾ ಸಹಾಯಕಿಯಾಗಿ ದಶಕಗಳನ್ನು ಕಳೆದರು. ಬಂಧನದ ದಾಖಲೆ ಕಡತದಿಂದ ಅಳಿಸಿಹೋಗಲು 2021ರವರೆಗೆ ಕಾಯಬೇಕಾಯಿತು. ನಿಮ್ಮ ಕ್ಯಾಲೆಂಡರಿನಲ್ಲಿ ಆ ಅರವತ್ತಾರು ವರ್ಷಗಳಿಗೆ ಎಷ್ಟು ಪುಟವಿದೆ?

ಅಟ್ಲಾಂಟಾ ಕನ್ನಡಿಗ:

ಇಲ್ಲಿಂದ ಮಾಂಟ್‌ಗೊಮರಿ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿಯಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಊರಿನ ನಡುವಿನ ಚೌಕದಲ್ಲಿ 2019ರ ಡಿಸೆಂಬರ್ 1ರಂದು ಪಾರ್ಕ್ಸ್ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದಾಗ, ಅದೇ ಜಾಗದಲ್ಲಿ ಆ ನಾಲ್ವರು ಫಿರ್ಯಾದಿಗಳಿಗೂ ಗ್ರಾನೈಟ್ ಕಲ್ಲುಗಳನ್ನು ಹಾಕಿ ಗೌರವಿಸಿದ್ದಾರೆ. ಆದ್ದರಿಂದ ಇತಿಹಾಸದಿಂದ ಹೊರಗಿಟ್ಟರು ಎಂಬ ದೂರು ಇಂದಿನ ಮಾಂಟ್‌ಗೊಮರಿಗೆ ಅನ್ವಯಿಸುವುದಿಲ್ಲ.

ಬೆಳವಲದ ಬೆಳಕು:

ಒಬ್ಬರಿಗೆ ಪ್ರತಿಮೆ, ನಾಲ್ವರಿಗೆ ಕಾಲಬುಡದ ಕಲ್ಲು. ತಮ್ಮ ಪುರಾವೆಗೆ ಧನ್ಯವಾದಗಳು.

ಲೆಕ್ಕಿಗ:

ಪ್ರತಿಮೆ ಯಾರಿಗೆ, ಕಲ್ಲು ಯಾರಿಗೆ ಎಂಬ ಜಗಳದ ನಡುವೆ ನಡೆದವರ ಸುದ್ದಿಯನ್ನೇ ಎಲ್ಲರೂ ಮರೆತಿದ್ದೀರಿ. 381 ದಿನ ಬಸ್ಸು ಹತ್ತದೆ ಇದ್ದವರಲ್ಲಿ ಬಹುದೊಡ್ಡ ಪಾಲು ಬಿಳಿಯರ ಮನೆಗಳಲ್ಲಿ ಅಡುಗೆ, ಬಟ್ಟೆ, ಮಕ್ಕಳ ಆರೈಕೆ ಮಾಡುತ್ತಿದ್ದ ಹೆಂಗಸರು. ಆರಂಭದಲ್ಲಿ ಕಪ್ಪು ಚಾಲಕರ ಟ್ಯಾಕ್ಸಿಗಳು ಬಸ್ ದರವಾದ ಹತ್ತು ಸೆಂಟಿಗೇ ಕರೆದೊಯ್ಯುತ್ತಿದ್ದವು. ನಗರಾಡಳಿತ ನಲವತ್ತೈದು ಸೆಂಟಿನ ಕನಿಷ್ಠ ದರದ ನಿಯಮವನ್ನು ಹೊರತೆಗೆದು ಅದನ್ನು ನಿಲ್ಲಿಸಿತು. ಆಗ ಸುಮಾರು ಮುನ್ನೂರು ಖಾಸಗಿ ಕಾರುಗಳ ಸರದಿ ವ್ಯವಸ್ಥೆ ಹುಟ್ಟಿತು. ಕಾರುಗಳ ವಿಮೆಯನ್ನು ಸ್ಥಳೀಯ ಕಂಪನಿಗಳು ರದ್ದುಮಾಡಿದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತರಿಸಬೇಕಾಯಿತು. ಪೆಟ್ರೋಲಿಗೆ ದುಡ್ಡು ಎಲ್ಲಿಂದ? ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಹೆಂಗಸರನ್ನು ಕೂಡಿಸಿಕೊಂಡು ಕೋಳಿ ಕರಿದು, ಕೇಕು ಮಾಡಿ ಮಾರಿ, ವಾರವಾರವೂ ಸಭೆಗೆ ಬಂದು ಹಣ ಒಪ್ಪಿಸುತ್ತಿದ್ದರು. ಕೊಟ್ಟವರ ಕೆಲಸ ಹೋಗಬಾರದೆಂದು ಆ ಗುಂಪಿಗೆ ಎಲ್ಲಿಂದಲೂ ಬಾರದವರ ಕ್ಲಬ್ ಎಂಬರ್ಥದ ಹೆಸರಿಟ್ಟಿದ್ದರು. ಗಿಲ್ಮೋರ್ ಅವರ ಕೆಲಸವಂತೂ ಹೋಯಿತು. ಅವರ ಅಡುಗೆಮನೆಯೇ ಮುಂದೆ ಹೋರಾಟಗಾರರ ಊಟದ ಮನೆಯಾಯಿತು. ಇನ್ನೊಂದು ವಿಚಿತ್ರವೆಂದರೆ, ಕೆಲಸದಾಕೆ ಬಾರದಿದ್ದರೆ ಮನೆ ನಡೆಯದೆಂದು ಬಿಳಿಯ ಗೃಹಿಣಿಯರೇ ಕಾರಿನಲ್ಲಿ ಹೋಗಿ ಅವರನ್ನು ಕರೆತರುತ್ತಿದ್ದರು. ಹಾಗೆ ಮಾಡಬೇಡಿ ಎಂದು ಮೇಯರ್ ಗೇಲ್ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು.

ತುಂಗಾತೀರ:

ಬಿಳಿಯ ಗೃಹಿಣಿಯರ ಮಾತು ಬಂದದ್ದರಿಂದ ಹೇಳುತ್ತೇನೆ: ಅಲ್ಲಿಯ ಗ್ರಂಥಪಾಲಕಿ ಜೂಲಿಯೆಟ್ ಮಾರ್ಗನ್ ಅವರನ್ನು ನೆನೆಯದೆ ಈ ಚರ್ಚೆ ಪೂರ್ಣವಾಗದು. ಬಹಿಷ್ಕಾರ ಆರಂಭವಾದ ಒಂದು ವಾರಕ್ಕೆ, 1955ರ ಡಿಸೆಂಬರ್ 12ರ ಸ್ಥಳೀಯ ಪತ್ರಿಕೆಯಲ್ಲಿ ಆ ಬಿಳಿಯ ಮಹಿಳೆ ಈ ನಡಿಗೆಯನ್ನು ಗಾಂಧೀಜಿಯ ಉಪ್ಪಿನ ಸತ್ಯಾಗ್ರಹಕ್ಕೆ ಹೋಲಿಸಿ ಬರೆದರು. ಕಿಂಗ್ ಅವರೂ ತಮ್ಮ ಪುಸ್ತಕದಲ್ಲಿ ಅದನ್ನು ನೆನೆದಿದ್ದಾರೆ. ಆಮೇಲೆ ಬಂದ ಬೆದರಿಕೆ, ನಿಂದೆಗಳನ್ನು ತಾಳಲಾರದೆ ಅವರು 1957ರಲ್ಲಿ ಪ್ರಾಣ ಕಳೆದುಕೊಂಡರು.

ಬೆಳವಲದ ಬೆಳಕು:

ನಡೆದ ಹೆಂಗಸರ ವಿಷಯ ಹೇಳಿದ ಮರುಕ್ಷಣವೇ ಬರೆದ ಬಿಳಿಯ ಹೆಂಗಸು ಬಂದಳು. ಅದಕ್ಕೂ ಗಾಂಧೀಜಿಯ ಮುದ್ರೆ ಬೇಕಾಯಿತು. ಆಕೆಯ ಸಾವು ದುಃಖದ ವಿಷಯವೇ. ಬಂಧನಕ್ಕೂ ಕೆಲಸಗೇಡಿಗೂ ಒಳಗಾದ ಕಪ್ಪು ಹೆಂಗಸರ ಹೆಸರನ್ನು ಹೀಗೆ ಸರಾಗವಾಗಿ ಹೇಳಬಲ್ಲವರು ಇಲ್ಲಿ ಎಷ್ಟು ಜನ?

ಕಾಯಿದೆ ಪುಟ:

ಲೆಕ್ಕಿಗರು 381 ದಿನ ಎಂದರು. ಆ ದಿನಗಳು ಬಸ್ಸಿನ ಬೇರ್ಪಡಿಕೆಯನ್ನು ಕೊನೆಗೊಳಿಸಲಿಲ್ಲ ಎಂಬ ಅಹಿತಕರ ಸತ್ಯವನ್ನು ಯಾರಾದರೂ ಹೇಳಲೇಬೇಕು. ಮೊದಲಿಗೆ ಬಹಿಷ್ಕಾರದ ಬೇಡಿಕೆಯಾದರೂ ಏನು? ಚಾಲಕರು ಮರ್ಯಾದೆಯಿಂದ ನಡೆದುಕೊಳ್ಳಬೇಕು; ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ಬಂದವರು ಬಂದಂತೆ ಕುಳಿತುಕೊಳ್ಳಬೇಕು; ಕಪ್ಪು ಜನರೇ ಹೆಚ್ಚಿರುವ ಮಾರ್ಗಗಳಿಗೆ ಕಪ್ಪು ಚಾಲಕರನ್ನು ತೆಗೆದುಕೊಳ್ಳಬೇಕು. ಬೇರ್ಪಡಿಕೆ ಹೋಗಬೇಕೆಂಬುದು ಅದರಲ್ಲಿ ಇರಲಿಲ್ಲ. ಅದನ್ನು ಕೇಳಿದ್ದು ಬ್ರೌಡರ್ ಮೊಕದ್ದಮೆ. 1956ರ ಜೂನ್ 5ರಂದು ಬಸ್ಸಿನ ಬೇರ್ಪಡಿಕೆ ಸಂವಿಧಾನಬಾಹಿರವೆಂದು ಎರಡಕ್ಕೊಂದು ಮತದಲ್ಲಿ ತೀರ್ಪು ಬಂತು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದೇಶ ಡಿಸೆಂಬರ್ 20ರಂದು ಊರಿಗೆ ತಲುಪಿ, ಮರುದಿನ ಎಲ್ಲರೂ ಬಸ್ಸು ಹತ್ತಿದರು. ಅದೇ ನವೆಂಬರ್ 13ರಂದು ಅಲಬಾಮಾದ ಸ್ಥಳೀಯ ನ್ಯಾಯಾಲಯ ಆ ಕಾರುಗಳ ಸರದಿ ವ್ಯವಸ್ಥೆಯನ್ನೇ ತಡೆಯಾಜ್ಞೆಯಿಂದ ನಿಲ್ಲಿಸಿತ್ತು. ಸುಪ್ರೀಂ ಕೋರ್ಟಿನ ಮಾತು ಬಾರದಿದ್ದರೆ ಬಹಿಷ್ಕಾರ ಅಂದೇ ಮುರಿಯುತ್ತಿತ್ತು.

ಲೆಕ್ಕಿಗ:

ಮುರಿಯುತ್ತಿತ್ತು ಎಂಬುದು ನಿಮ್ಮ ಊಹೆ. ಅಲ್ಲಿಯವರೆಗೆ ಮುರಿಯದೆ ಇದ್ದದ್ದು ದಾಖಲೆ. ತಡೆಯಾಜ್ಞೆ ಬಂದ ಮೇಲೂ ಡಿಸೆಂಬರ್ 20ರವರೆಗೆ, ಅಂದರೆ ಐದು ವಾರಕ್ಕೂ ಹೆಚ್ಚು ಕಾಲ, ಜನ ನಡೆದೇ ನಡೆದರು. ಇನ್ನೊಂದು ಸಂಗತಿಯನ್ನು ನೀವು ಬಿಟ್ಟಿದ್ದೀರಿ: 1956ರ ಏಪ್ರಿಲ್‌ನಲ್ಲಿ ಬಸ್ ಕಂಪನಿಯೇ ಇನ್ನು ನಾವು ಬೇರ್ಪಡಿಕೆಯನ್ನು ಜಾರಿಗೊಳಿಸುವುದಿಲ್ಲ ಎಂದು ಪ್ರಕಟಿಸಿತ್ತು. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಹೋದ ಮೇಲೆ ಯಾವ ಕಂಪನಿ ತಾಳೀತು?

ಕಾಯಿದೆ ಪುಟ:

ಏಪ್ರಿಲ್‌ನ ಸಂಗತಿಯನ್ನು ತಾವು ತಂದದ್ದು ಒಳ್ಳೆಯದಾಯಿತು. ಕಂಪನಿ ಹಾಗೆ ಪ್ರಕಟಿಸಿದ್ದು ದಕ್ಷಿಣ ಕ್ಯಾರೊಲಿನಾದ ಸಾರಾ ಮೇ ಫ್ಲೆಮಿಂಗ್ ಅವರ ಬಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಏನೋ ಹೇಳಿತೆಂಬ ಸುದ್ದಿ ಕೇಳಿ; ಅಂದರೆ ಅದೂ ಕೋರ್ಟಿನ ಫಲವೇ. ನಗರಾಡಳಿತ ಚಾಲಕರನ್ನು ಬಂಧಿಸುವುದಾಗಿ ಬೆದರಿಸಿ ಕಂಪನಿಯನ್ನು ಸುಮ್ಮನಾಗಿಸಿತು. ಕಂಪನಿ ನಷ್ಟದಿಂದ ಬಾಗಿದರೂ ಕಾಯಿದೆ ಬಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಹಳೆಯ ಮೇಷ್ಟ್ರು:

ಬಾಗಿದ್ದು ಯಾವುದು, ಬಾಗದ್ದು ಯಾವುದು ಎಂದು ನೀವಿಬ್ಬರೂ ಹೊಡೆದಾಡುತ್ತಿರಿ. ನಾನು ಆರಂಭಿಸಿದ ಮಾತನ್ನು ಯಾರೂ ಮುಟ್ಟಿಲ್ಲ. ಕೋರ್ಟಿಗೆ ಹೋದ ಫಿರ್ಯಾದಿಗಳೆಲ್ಲ ಹೆಂಗಸರು, ಕರಪತ್ರ ಅಚ್ಚು ಹಾಕಿದವರು ಹೆಂಗಸರು, ಪೆಟ್ರೋಲಿಗೆ ದುಡ್ಡು ತಂದವರು ಹೆಂಗಸರು. ಅಧ್ಯಕ್ಷರು ಮಾತ್ರ ಪಾದ್ರಿ. ಮೇರಿ ಫೇರ್ ಬರ್ಕ್ಸ್ ಅವರ ಹೆಸರನ್ನು ಈ ಚರ್ಚೆಗೆ ಮುಂಚೆ ಇಲ್ಲಿ ಕೇಳಿದ್ದವರು ಕೈ ಎತ್ತಿ. ಬೆಳವಲದವರು ಮಂಡಳಿಯನ್ನೂ ಆರೋಪಿಗಳ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಕಾಲ್ವಿನ್ ಪ್ರಕರಣದಲ್ಲಿ ಊರಿನ ಅಭಿಪ್ರಾಯವೇ ಒಡೆದಿತ್ತೆಂದು ರಾಬಿನ್ಸನ್ ತಮ್ಮ ಪುಸ್ತಕದಲ್ಲಿ ಬಿಚ್ಚುಮಾತಿನಲ್ಲಿ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. 1987ರವರೆಗೆ ಆ ಪುಸ್ತಕವೇ ಹೊರಬರಲಿಲ್ಲ ಎಂಬುದನ್ನೂ ಗಮನಿಸಿ. ಅಷ್ಟು ಹೊತ್ತಿಗೆ ಊರಿನ ಕಥೆ ಬೇರೆಯವರ ಬಾಯಲ್ಲಿ ಗಟ್ಟಿಯಾಗಿತ್ತು.

ಅಟ್ಲಾಂಟಾ ಕನ್ನಡಿಗ:

ಅಧ್ಯಕ್ಷರು ಮಾತ್ರ ಪಾದ್ರಿ ಎಂಬುದರಲ್ಲಿ ಅಷ್ಟೊಂದು ವ್ಯಂಗ್ಯ ಬೇಕಿಲ್ಲ. ರಾಬಿನ್ಸನ್ ಅವರಿಗೆ ಸಂಬಳ ಕೊಡುತ್ತಿದ್ದದ್ದು ಸರ್ಕಾರಿ ಕಾಲೇಜು, ಅಂದರೆ ಬಿಳಿಯರ ಶಾಸನಸಭೆ. ಪಾದ್ರಿಗಳಿಗೆ ಸಂಬಳ ಕೊಡುತ್ತಿದ್ದವರು ಅವರ ಚರ್ಚಿನ ಕಪ್ಪು ಭಕ್ತರು. ಆದ್ದರಿಂದ ರಾಬಿನ್ಸನ್ ತಾವಾಗಿಯೇ ಹಿಂದೆ ನಿಂತರು. ಸಂಘದ ಸುದ್ದಿಪತ್ರಿಕೆಯನ್ನು ಬರೆದವರು ಅವರೇ. ಹಾಗೆ ನಿಂತೂ ಅವರ ಮನೆಯ ಕಿಟಕಿಗೆ ಕಲ್ಲು ಬಿತ್ತು, ಕಾರಿನ ಮೇಲೆ ಆಸಿಡ್ ಸುರಿದರು, 1960ರಲ್ಲಿ ಕಾಲೇಜನ್ನೂ ಊರನ್ನೂ ಬಿಡಬೇಕಾಯಿತು. ಇದನ್ನು ಗಂಡಸರ ಪಿತೂರಿ ಎನ್ನುವುದಕ್ಕಿಂತ ಹೊಟ್ಟೆಪಾಡಿನ ಲೆಕ್ಕ ಎನ್ನುವುದು ನ್ಯಾಯ.

ಬೆಳವಲದ ಬೆಳಕು:

ಪಿತೂರಿ ಎಂದವರು ಯಾರು? ಆ ಮಾತು ತಮ್ಮದೇ. ಸಂಬಳದ ಲೆಕ್ಕವನ್ನು ಒಪ್ಪಿಕೊಂಡೇ ಕೇಳುತ್ತೇನೆ. ಡಿಸೆಂಬರ್ 5ರ ಸಂಜೆ ಹೋಲ್ಟ್ ಬೀದಿಯ ಚರ್ಚಿನಲ್ಲಿ ಸಾವಿರಾರು ಜನ ಸೇರಿದ್ದರು. ಅಂದೇ ಬೆಳಿಗ್ಗೆ ಪಾರ್ಕ್ಸ್ ಅವರಿಗೆ ಹತ್ತು ಡಾಲರ್ ದಂಡ, ನಾಲ್ಕು ಡಾಲರ್ ಕೋರ್ಟು ಖರ್ಚು ಎಂದು ಶಿಕ್ಷೆಯಾಗಿತ್ತು. ನಾನೇನಾದರೂ ಮಾತಾಡಲೇ ಎಂದು ಅವರು ಕೇಳಿದಾಗ, ನೀವು ಸಾಕಷ್ಟು ಅನುಭವಿಸಿದ್ದೀರಿ, ಸಾಕಷ್ಟು ಹೇಳಿದ್ದೀರಿ, ಮಾತಾಡಬೇಕಿಲ್ಲ ಎಂದರಂತೆ. ಇದನ್ನು ಬರೆದವರು ಪಾರ್ಕ್ಸ್ ಅವರೇ. ಅವರು ದುಡಿಯುತ್ತಿದ್ದದ್ದು ಅಂಗಡಿಯ ಹೊಲಿಗೆ ವಿಭಾಗದಲ್ಲಿ. ಬಂಧನದ ಸುದ್ದಿ ಪತ್ರಿಕೆಯಲ್ಲಿ ಬಂದಾಗಿತ್ತು. ಮರು ತಿಂಗಳು ಆ ಕೆಲಸವೂ ಹೋಯಿತು. ಅಂದು ಅವರ ಬಾಯಿ ಮುಚ್ಚಿಸಿದ್ದರಿಂದ ಯಾರ ಸಂಬಳ ಉಳಿಯಿತು? 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿಯೂ ಪಾರ್ಕ್ಸ್ ಅವರನ್ನು ಎಬ್ಬಿಸಿ ನಿಲ್ಲಿಸಿ ಪರಿಚಯಿಸಿದರು. ಮುಖ್ಯ ಕಾರ್ಯಕ್ರಮದಲ್ಲಿ ದೀರ್ಘ ಭಾಷಣಕ್ಕೆ ಕರೆದ ಹೆಂಗಸು ಒಬ್ಬರೂ ಇರಲಿಲ್ಲ. ಹೆಂಗಸರ ಪರವಾಗಿ ನಾಲ್ಕು ಮಾತಾಡಲು ಡೈಸಿ ಬೇಟ್ಸ್ ಅವರಿಗೆ ಕೊಟ್ಟದ್ದು ಒಂದೆರಡು ನಿಮಿಷ.

ಕಾಯಿದೆ ಪುಟ:

1963ರ ವಿಷಯ ಬೇರೆ. ಡಿಸೆಂಬರ್ 5ರಂದು ಬಾಯಿ ಮುಚ್ಚಿಸಿದರು ಎಂಬುದನ್ನು ಮಾತ್ರ ಒಪ್ಪಲಾಗದು. ಬೆಳಿಗ್ಗೆ ಶಿಕ್ಷೆಯಾಗಿದೆ, ಮೇಲ್ಮನವಿ ಹೋಗಬೇಕಾಗಿದೆ. ಅಂಥ ಆರೋಪಿ ಸಂಜೆ ಸಾರ್ವಜನಿಕ ಸಭೆಯಲ್ಲಿ ಮಾತನಾಡುವುದನ್ನು ಜವಾಬ್ದಾರಿಯಿರುವ ಯಾವ ವಕೀಲನೂ ಬಯಸುವುದಿಲ್ಲ. ಅದು ಎಚ್ಚರಿಕೆ, ಅವಮಾನವಲ್ಲ. ಪಾರ್ಕ್ಸ್ ಅವರ ಆ ಕ್ರಿಮಿನಲ್ ಮೇಲ್ಮನವಿಗೆ ತೊಡಕಾಗಬಾರದೆಂದೇ ಫ್ರೆಡ್ ಗ್ರೇ ಅವರು ಬ್ರೌಡರ್ ಮೊಕದ್ದಮೆಯಲ್ಲಿಯೂ ಅವರ ಹೆಸರನ್ನು ಸೇರಿಸಲಿಲ್ಲ.

ಬೆಳವಲದ ಬೆಳಕು:

ಎಚ್ಚರಿಕೆ ಎಂದಿರಿ. 1956ರ ಮಾರ್ಚ್ 22ರಂದು ಬಹಿಷ್ಕಾರ ನಿಷೇಧದ ಹಳೆಯ ಕಾಯಿದೆಯಡಿ ಕಿಂಗ್ ಅವರಿಗೆ ಐನೂರು ಡಾಲರ್ ದಂಡದ ಶಿಕ್ಷೆಯಾಯಿತು. ಅವರದೂ ಮೇಲ್ಮನವಿಗೆ ಹೋಯಿತು. ಆ ಸಂಜೆಯೇ ಅವರು ಅದೇ ಹೋಲ್ಟ್ ಬೀದಿಯ ಚರ್ಚಿನಲ್ಲಿ ಜನರೆದುರು ನಿಂತು ಮಾತಾಡಿದರು. ಜವಾಬ್ದಾರಿಯುಳ್ಳ ನಿಮ್ಮ ವಕೀಲರು ಆ ದಿನ ರಜೆಯಲ್ಲಿದ್ದರೇ?

ಕಾಯಿದೆ ಪುಟ:

ಆ ಕಾಯಿದೆ 1921ರದು, ಆರೋಪ ಬೇರೆ, ವಿಚಾರಣೆ ನಡೆಸಿದ ನ್ಯಾಯಾಲಯವೂ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ.

ಬೆಳವಲದ ಬೆಳಕು:

ಮಾತಾಡಿದವರು ಬೇರೆ ಎಂಬುದನ್ನು ಪಟ್ಟಿಯಲ್ಲಿ ಬಿಟ್ಟಿದ್ದೀರಿ.